ಪಕ್ಕದ ಮನೆಯ ಅಜ್ಜ ಮತ್ತು ಸೊಟ್ಟ ಬಾಯಿಯ ಡ್ಯೂಕ್

ಬೀಟ್ರೂಟ್ ಹೆಚ್ಚಿ ಹೆಚ್ಚಿ ಮಣಿಕಟ್ಟಿನವರೆಗೂ ಕೆಂಪಾದ ಕೈಗಳು. ಹೌನ್ಸ್ಲೋದ ನಮ್ಮ ಪಕ್ಕದ ಮನೆಯ ಪೋಲಿಷ್ ಅಜ್ಜನನ್ನು ನೆನೆದರೆ ಮೊದಲು ಕಣ್ಣಿಗೆ ಕಟ್ಟುವುದು ಅವೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಊರಿಗೆ ಮರಳಲಾಗದೆ ಲಂಡನ್ನಿನಲ್ಲೇ ಉಳಿದ ಸಿಪಾಯಿ ಅವರು. ತೊಂಬತ್ತರ ದಶಕದಲ್ಲಿ ನಾವು ಕುಂದಾಪುರದಿಂದ ಬಂದು ಹೋಟೆಲು ತೆರೆದಾಗ ಅವರಿಗೆ ಎಪ್ಪತ್ತು ದಾಟಿತ್ತು. ನನ್ನ ಸಾರಿನ ಘಮಕ್ಕೆ, ತಮ್ಮ ಸೂಪಿಗೆ ಹೆಚ್ಚುತ್ತಿದ್ದ ಬೀಟ್ರೂಟು, ಚಾಕು ಹಿಡಿದೇ ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದರು.

ನಿಂತರೆಂದರೆ ಅದೇ ಕಥೆ. ಒಂಬೈನೂರು ವರ್ಷದ ಹಿಂದೆ ಅವರ ದೇಶವನ್ನಾಳಿದ ಸೊಟ್ಟ ಬಾಯಿಯ ಡ್ಯೂಕನದು. ನನ್ನ ಸಾರು ಒಲೆಯ ಮೇಲೆ ಬತ್ತಿದರೂ ಕಥೆ ಮುಗಿಯುತ್ತಿರಲಿಲ್ಲ. ಡ್ಯೂಕನ ಅಪ್ಪ ಇಬ್ಬರು ಮಕ್ಕಳಿಗೆ ರಾಜ್ಯ ಹಂಚಿದ. ಕಿರಿಯನಾದ ಡ್ಯೂಕ್ ಅಣ್ಣನ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡು ಅವನನ್ನು ದೇಶ ಬಿಡಿಸಿದ. ಅಣ್ಣನ ಪರವಾಗಿ ದಂಡೆತ್ತಿ ಬಂದ ಜರ್ಮನ್ ದೊರೆಯನ್ನೂ ಬಡಿದಟ್ಟಿದ. ಕೊನೆಗೆ ರಾಜಿಯಾಗಿ ಅಣ್ಣನನ್ನು ಕರೆಸಿದರೆ, ಅವನೋ ವಾದ್ಯ ಬಾರಿಸಿಕೊಂಡು, ತಾನೇ ಒಡೆಯನೆಂಬಂತೆ ಖಡ್ಗವನ್ನು ಮುಂದೆ ಹಿಡಿಸಿಕೊಂಡು ಬಂದ. ಡ್ಯೂಕನ ಪಿತ್ತ ನೆತ್ತಿಗೇರಿತು. ಅಣ್ಣನ ಎರಡೂ ಕಣ್ಣು ಕೀಳಿಸಿದ.

ಇಲ್ಲಿಗೆ ಬಂದಾಗ ಅಜ್ಜ ಬೀಟ್ರೂಟನ್ನು ಕಚಕ್ಕನೆ ಸೀಳುತ್ತಿದ್ದರು. "ಆಮೇಲೆ ಡ್ಯೂಕ್ ಬರಿಗಾಲಲ್ಲಿ ನಡೆದ, ಉಪವಾಸ ಮಾಡಿದ, ಬಡವರ ಕಾಲು ತೊಳೆದ. ಕಣ್ಣು ಬಂತಾ?" ಎಂದು ತಮ್ಮ ಮುರುಕಲು ಇಂಗ್ಲಿಷಿನಲ್ಲಿ ನನ್ನನ್ನೇ ಗದರುತ್ತಿದ್ದರು. ನನ್ನ ಗಂಡನಿಗೂ ಈ ಕಥೆ ಬಾಯಿಪಾಠವಾಗಿತ್ತು.

ಹೋಟೆಲನ್ನು ಗಂಡ ಮತ್ತು ಮೈದುನ ಸೇರಿ ಕಟ್ಟಿದ್ದರು. ಜಗಳವಾಗಿ ಮೈದುನ ಲಂಡನ್ನಿನ ಇನ್ನೊಂದು ಮೂಲೆಯ ಎಜ್‌ವೇರ್‌ಗೆ ಹೋದ ಮೇಲೆ ಮಾತುಕತೆಯೇ ನಿಂತುಹೋಯಿತು. ಒಂದು ದೀಪಾವಳಿಗೆ ನಾನು ಹಟ ಹಿಡಿದು ಅವನನ್ನು ಅಂಗಡಿಪೂಜೆಗೆ ಕರೆಸಿದೆ. ಅಜ್ಜನೂ ಬಂದಿದ್ದರು. ನಮ್ಮಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕಾಯಿ ಒಡೆಯುವವನೇ ಯಜಮಾನ. ಮೈದುನ ಬಂದವನೇ ಕತ್ತಿ ಎತ್ತಿ ಕಾಯಿ ಒಡೆದುಬಿಟ್ಟ.

"ಕಾಯಿ ಒಡೂಕೆ ನೀನ್ ಯಾರಾ?" ಗಂಡ ಗರ್ಜಿಸಿದರು.

"ಈ ಹೋಟ್ಲ್ ಕಟ್ಟದ್ ನಾನೂ ಅಲ್ದಾ?"

ಗಂಡ ಕತ್ತಿ ಕಿತ್ತುಕೊಂಡು ತಮ್ಮನ ಕುತ್ತಿಗೆ ಹಿಡಿದು ಗೋಡೆಗೆ ಅದುಮಿದರು. ಆರತಿ ತಟ್ಟೆ ಉರುಳಿತು. ಮೈದುನನ ತುಟಿ ಒಡೆದಿತ್ತು, ಆದರೂ ಒದೆಯುತ್ತಲೇ ಇದ್ದ. ಗಂಡ ಅವನ ಮುಖಕ್ಕೇ ಕತ್ತಿ ಬೀಸಿದರು. ನಾನು ಕಿರುಚಿದೆ. ಅಷ್ಟರಲ್ಲಿ ಅಜ್ಜ ನಡುವೆ ಕೈ ಒಡ್ಡಿದರು. ಅಂಗೈ ಸೀಳಿ ರಕ್ತ ಮೈದುನನ ಕೆನ್ನೆಗೆ ಚಿಮ್ಮಿತು. ಆ ಕೈಯನ್ನು ಗಂಡನ ಮುಖದೆದುರು ಹಿಡಿದು ಅಜ್ಜ ಕೂಗಿದರು: "ಕಣ್ಣು ಬಂತಾ?"

ಗಂಡ ಕತ್ತಿ ಬಿಸಾಡಿ ಕುಸಿದು ಕುಳಿತರು.

ಹೊಲಿಗೆ ಹಾಕಿದ ಡಾಕ್ಟರಿಗೆ ಅಜ್ಜ ಬೀಟ್ರೂಟ್ ಹೆಚ್ಚುವಾಗ ಆಯಿತೆಂದು ಹೇಳಿದರು. ಆ ಕೈಯ ಬೆರಳುಗಳು ಮತ್ತೆ ಸರಿಯಾಗಿ ಮಡಚಿಕೊಳ್ಳಲಿಲ್ಲ. ಅಂದಿನಿಂದ ಅವರ ಬೀಟ್ರೂಟನ್ನು ನಾನೇ ಹೆಚ್ಚಿಕೊಟ್ಟೆ, ಕಥೆ ಮಾತ್ರ ಅವರು ಬಿಡಲಿಲ್ಲ. ಅಣ್ಣತಮ್ಮಂದಿರು ಮತ್ತೆ ಒಂದಾದರೆಂದು ಹೇಳಿದರೆ ಸುಳ್ಳಾಗುತ್ತದೆ. ಹಬ್ಬಕ್ಕೊಂದು ಫೋನು, ಅಷ್ಟೇ.

ಎರಡು ಸಾವಿರನೇ ಇಸವಿಯ ನಂತರದ ಒಂದು ಚಳಿಗಾಲದಲ್ಲಿ ಅಜ್ಜ ಹೋದರು. ಶವಪೆಟ್ಟಿಗೆಗೆ ಒಂದು ಕಡೆ ಗಂಡ, ಇನ್ನೊಂದು ಕಡೆ ಮೈದುನ ಹೆಗಲು ಕೊಟ್ಟರು. ಮಣ್ಣು ಹಾಕಿದ ಮೇಲೆ ಮೈದುನ ನನ್ನ ಬಳಿ ಬಂದ. "ಅತ್ಗಿ, ಅವ್ರ್ ಇಲ್ದಿರೆ..." ಅವನ ಎರಡೂ ಕಣ್ಣುಗಳಿಂದ ನೀರು ಸುರಿಯುತ್ತಿತ್ತು. ಅಳಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ. ಆ ಎರಡು ಕಣ್ಣುಗಳನ್ನೇ ನೋಡುತ್ತಾ ನಿಂತೆ.