ಕಸದ ಯಂತ್ರಕ್ಕೂ ಮಡಿ

ಕಳೆದ ವಾರ ನಾನು ಒಂದು ಕಸದ ಯಂತ್ರಕ್ಕೆ ಕೈಮುಗಿದೆ.

ನಗಬೇಡಿ. ನೀವಿದ್ದರೂ ಮುಗಿಯುತ್ತಿದ್ದಿರಿ. ಆಳೆತ್ತರದ ಹಸಿರು ಯಂತ್ರ. ಹಣೆಗೆ (ಯಂತ್ರಕ್ಕೂ ಹಣೆ ಇರುತ್ತದೆ, ಹುಡುಕಬೇಕು ಅಷ್ಟೆ) ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಕೊರಳಿಗೆ ಸೇವಂತಿಗೆ ಹಾರ. ಬುಡದಲ್ಲಿ ಎರಡು ನಿಂಬೆಹಣ್ಣು. ಪಕ್ಕದಲ್ಲಿ ಊದುಬತ್ತಿ. ಕೈ ತಾನಾಗಿಯೇ ಮೇಲೆದ್ದಿತು.

ಯಂತ್ರ ಇರುವುದು ನನ್ನ ಹೈಸ್ಕೂಲ್ ಗೆಳೆಯ ರಾಜಶೇಖರನ ಕಲ್ಯಾಣ ಮಂಟಪದಲ್ಲಿ. ದಟ್ಟಗಳ್ಳಿಯ ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ. ಅವತ್ತು ಬೆಳಿಗ್ಗೆ ಫೋನ್ ಮಾಡಿದ್ದ.

"ಪಾಲಿಕೆಯಿಂದ ನೋಟಿಸ್ ಬಂದಿದೆ ಕಣೋ. ಎರಡು ಗಂಟೆಗೆ ಹೆಲ್ತ್ ಇನ್‌ಸ್ಪೆಕ್ಟರ್ ಮೇಡಂ ಬರ್ತಾರಂತೆ. ನೀನು ಪೇಪರಲ್ಲಿ ಬರೆಯೋನು, ಪಕ್ಕದಲ್ಲಿ ಬಂದು ನಿಂತ್ಕೋ."

"ನಿಂತು ಏನ್ ಮಾಡ್ಲಿ?"

"ಏನೂ ಮಾಡ್ಬೇಡ. ಗಂಭೀರವಾಗಿ ನಿಂತ್ಕೋ. ನಿನಗೆ ಬರೋದು ಅದೊಂದೇ ಅಲ್ವಾ?"

(ಹೈಸ್ಕೂಲ್ ಗೆಳೆಯರಿಗೆ ಮಾತ್ರ ಇರುವ ಧೈರ್ಯ ಇದು.)

ಅವನ ಗಾಬರಿಗೆ ಕಾರಣವಿತ್ತು. ಆ ಭಾನುವಾರವೇ ಅದೇ ಮಂಟಪದಲ್ಲಿ ಅಡುಗೆಯ ಪುಟ್ಟಸ್ವಾಮಿಯವರ ಮಗಳ ಮದುವೆ. ಇಪ್ಪತ್ತು ವರ್ಷ ಊರವರ ಮಕ್ಕಳ ಮದುವೆಗೆ ಪಾಯಸ ಕಾಯಿಸಿದ ಮನುಷ್ಯ. ಅವರ ಮಗಳ ಮದುವೆಗೆ ಹಾಲ್ ಬಿಟ್ಟುಕೊಡುತ್ತೇನೆಂದು ರಾಜಶೇಖರ ಎಂದೋ ಮಾತು ಕೊಟ್ಟಿದ್ದ. ಲಗ್ನಪತ್ರಿಕೆ ಹಂಚಿ ಆಗಿತ್ತು. ಹಳ್ಳಿಯ ನೆಂಟರು ವ್ಯಾನ್ ಗೊತ್ತು ಮಾಡಿಕೊಂಡಿದ್ದರು. ನೋಟಿಸ್ ಹೇಳುವ ಪ್ರಕಾರ, ಕಸದ ವ್ಯವಸ್ಥೆ ಸರಿಯಿಲ್ಲದಿದ್ದರೆ ಮಂಟಪಕ್ಕೆ ಬೀಗ.

ನಿಯಮವೇನೂ ಬ್ರಹ್ಮವಿದ್ಯೆಯಲ್ಲ. ರಾಶಿಗಟ್ಟಲೆ ಕಸ ಹುಟ್ಟಿಸುವ ಮಂಟಪ, ಹೋಟೆಲ್‌ಗಳು ಹಸಿ ಕಸ, ಒಣ ಕಸ ಬೇರೆ ಮಾಡಬೇಕು. ಹಸಿಯದನ್ನು ಆದಷ್ಟು ತಮ್ಮ ಕಾಂಪೌಂಡಿನೊಳಗೇ ಗೊಬ್ಬರ ಮಾಡಬೇಕು. ರಾಜಶೇಖರ ಕಳೆದ ವರ್ಷ ಲೈಸೆನ್ಸ್ ರಿನ್ಯೂವಲ್ ಹೊತ್ತಿಗೆ ಸರಿಯಾಗಿ ಈ ಗೊಬ್ಬರದ ಯಂತ್ರ ತಂದ. ಫೋಟೋ ತೆಗೆದ. ಫೈಲಿಗೆ ಅಂಟಿಸಿದ. ರಿನ್ಯೂ ಆಯಿತು.

ಅಲ್ಲಿಗೆ ಯಂತ್ರದ ಕರ್ತವ್ಯ ಮುಗಿಯಿತು. ಪೂಜೆ ಶುರುವಾಯಿತು.

ಬಂದ ದಿನವೇ ರಾಜಶೇಖರನ ತಾಯಿ ವಿಭೂತಿ ಹಚ್ಚಿ ಮಂಗಳಾರತಿ ಮಾಡಿದರು. ಆಯುಧಪೂಜೆಗೆ ಬೂದುಗುಂಬಳ ಒಡೆದರು. ಶುಕ್ರವಾರ ಬಂದರೆ ಊದುಬತ್ತಿ. ಇದರಲ್ಲಿ ವಿಶೇಷವೇನೂ ಇಲ್ಲ, ನಮ್ಮೂರಲ್ಲಿ ಸ್ಪ್ಯಾನರ್, ಸ್ಕೂಟರ್, ಕಂಪ್ಯೂಟರ್ ಎಲ್ಲಕ್ಕೂ ಪೂಜೆಯುಂಟು. ಆದರೆ ಪೂಜೆ ಮಾಡಿದ ಸ್ಕೂಟರನ್ನು ಓಡಿಸಲು ಯಾರೂ ಹಿಂಜರಿಯುವುದಿಲ್ಲ. ಈ ಯಂತ್ರದ ಕೆಲಸವೇ ಬೇರೆ. ಇದು ಎಂಜಲೆಲೆ ತಿನ್ನಬೇಕು. ಪೂಜೆ ಮಾಡಿದ್ದಕ್ಕೆ ಎಂಜಲು ತಿನ್ನಿಸುವುದು ಹೇಗೆ?

ತಿನ್ನಿಸಲಿಲ್ಲ. ಒಂದು ವರ್ಷ ಉಪವಾಸ ಕೆಡವಿದರು.

ಹಾಗಾದರೆ ಎಲೆಗಳು ಎಲ್ಲಿಗೆ ಹೋದವು? ಒಂದು ಟೆಂಪೋ ಹತ್ತಿ ರಿಂಗ್ ರೋಡಿನ ಖಾಲಿ ಸೈಟುಗಳಿಗೆ. ಯಾರ ಕಸ ಅಂತ ಯಾರಿಗೆ ಗೊತ್ತಾಗುತ್ತೆ ಅಂದುಕೊಂಡಿದ್ದ ನನ್ನ ಗೆಳೆಯ. ಗೊತ್ತಾಗುವ ವ್ಯವಸ್ಥೆಯನ್ನು ಅವನೇ ಮಾಡಿದ್ದ. ಪ್ರಚಾರ ಆಗಲಿ ಎಂದು ಊಟಕ್ಕಿಡುವ ಪ್ರತಿ ನೀರಿನ ಬಾಟಲಿಯ ಮೇಲೂ ಮಂಟಪದ ಹೆಸರು, ಕೆಳಗೆ ಫೋನ್ ನಂಬರ್ ಹಾಕಿಸಿದ್ದ. ಮೇಡಂ ಖಾಲಿ ಸೈಟಿನಲ್ಲಿ ನಿಂತುಕೊಂಡೇ ಆ ನಂಬರಿಗೆ ಫೋನ್ ಮಾಡಿದರಂತೆ. ಇವನು, "ಹೇಳಿ ಮೇಡಂ, ಯಾವ ಡೇಟಿಗೆ ಬೇಕಿತ್ತು?" ಅಂದನಂತೆ.

ಎರಡು ಗಂಟೆಗೆ ಮೇಡಂ ಬಂದರು. ಒಳಗೆ ಯಾರದೋ ನಾಮಕರಣದ ಊಟ, ಮೊದಲ ಪಂಕ್ತಿ ಆಗಷ್ಟೇ ಎದ್ದಿತ್ತು. ನಾನು ಗಂಭೀರವಾಗಿ ನಿಂತೆ. ಅವರು ನನ್ನನ್ನು ನೋಡಲೇ ಇಲ್ಲ. ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ತುಂಬಾ ಕ್ಲೀನಾಗಿದೆ."

"ದಿನಾ ಒರೆಸ್ತೀವಿ ಮೇಡಂ," ಎಂದ ರಾಜಶೇಖರ, ಹೆಮ್ಮೆಯಿಂದ.

"ಅದೇ ಪ್ರಾಬ್ಲಂ. ಆನ್ ಮಾಡಿ."

ಪ್ಲಗ್ಗೇ ಹಾಕಿರಲಿಲ್ಲ. ರುಬ್ಬುವ ಗ್ರೈಂಡರಿನ ವೈರ್ ಕಿತ್ತು ಇದರದನ್ನು ಸಿಕ್ಕಿಸಿದ್ದಾಯಿತು. ಯಂತ್ರ ಗುರ್ ಎಂದಿತು. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದೆವು.

"ಈಗ ಎಲೆ ಹಾಕಿ. ನನ್ನೆದುರಿಗೆ ಓಡಿದ್ರೆ ಓಡ್ತು ಅಂತ ಬರೀತೀನಿ. ಇಲ್ಲಾಂದ್ರೆ ನಾಳೆನೇ ಸೀಲ್." ಮೇಡಂ ಹತ್ತಿರದಲ್ಲಿದ್ದ ಪುಟ್ಟಸ್ವಾಮಿಯವರತ್ತ ತಿರುಗಿದರು. "ನೀವೇ ಹಾಕಿ."

ಪುಟ್ಟಸ್ವಾಮಿ ಕೈ ಹಿಂದಕ್ಕೆ ಕಟ್ಟಿಕೊಂಡುಬಿಟ್ಟರು. ಮುಖ ಸಣ್ಣದಾಗಿತ್ತು.

"ಮನೇಲಿ ಚಪ್ಪರ ಆಕವ್ರೆ ಮೇಡಂ. ಮಗಳ ಮದುವೆ ಮುಂದಿಟ್ಕೊಂಡು ಪೂಜೆ ಮಾಡಿರೋದಕ್ಕೆ ಎಂಜಲು ಎಂಗೆ ಆಕ್ಲಿ? ನಾಳೆ ಏನಾರ ಎಚ್ಚುಕಮ್ಮಿ ಆದ್ರೆ?"

ಹಾಕಿದರೆ ಮದುವೆಗೆ ಅಪಶಕುನ. ಹಾಕದಿದ್ದರೆ ಮದುವೆಗೆ ಮಂಟಪವೇ ಇಲ್ಲ. ರಾಜಶೇಖರ ನನ್ನ ಮುಖ ನೋಡಿದ. ನಾನು ನಿಂಬೆಹಣ್ಣು ನೋಡಿದೆ. ವಿಚಾರವಂತನೆಂದು ಇದೇ ಅಂಕಣದಲ್ಲಿ ಹಲವು ಸಲ ಬರೆದುಕೊಂಡಿರುವ ನಾನು ಒಂದು ಎಲೆ ಎತ್ತಿ ಹಾಕಬಹುದಿತ್ತು, ಅಲ್ಲವೇ? ಹಾಕಲಿಲ್ಲ. ಯಾಕೆ ಸುಮ್ಮನೆ, ಎನಿಸಿತು.

ಆಗ ಊಟದ ಹಾಲಿನಿಂದ ತಾಯಮ್ಮ ಬಂದರು. ಇಪ್ಪತ್ತು ವರ್ಷದ ಹಿಂದೆ ಮಂಟಪ ಶುರುವಾದಾಗಿನಿಂದ ಪಂಕ್ತಿ ಎದ್ದ ಮೇಲೆ ಎಲೆ ತೆಗೆಯುವುದು ಅವರ ಕೆಲಸ. ಕಂಕುಳಲ್ಲಿ ಎಂಜಲೆಲೆ ತುಂಬಿದ ಪ್ಲಾಸ್ಟಿಕ್ ಬುಟ್ಟಿ. ವಿಷಯವೇನೆಂದು ಕೇಳಿದರು. ಕೇಳಿ ನಕ್ಕುಬಿಟ್ಟರು.

"ಅಲ್ಲಾ ಪುಟ್ಸಾಮಣ್ಣ, ದಿನಾ ಎಂಜಲು ಎತ್ತಿದ ಕೈಯಲ್ಲೇ ಮನೇಗೋಗಿ ದೀಪ ಅಚ್ತೀನಿ. ಇವತ್ತಿನವರ್ಗೂ ಯಾವ ದೇವ್ರೂ ಎದ್ದೋಗಿಲ್ಲ. ಈ ಮಿಸೀನು ಎದ್ದೋಗ್ಬುಡ್ತದಾ?"

ಬುಟ್ಟಿ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಹಾರವನ್ನು ಜೋಪಾನವಾಗಿ ತೆಗೆದು ಕಿಟಕಿಗೆ ಸಿಕ್ಕಿಸಿದರು. ಆಮೇಲೆ ಬುಟ್ಟಿ ಎತ್ತಿ ಪೂರ್ತಿ ಸುರಿದರು.

ಯಂತ್ರ ಸಂತೋಷವಾಗಿ ತಿಂದಿತು. ಅರ್ಧ ನಿಮಿಷ. ನಂತರ ಕಟಕಟ ಎಂದು ನಿಂತುಹೋಯಿತು.

ಪುಟ್ಟಸ್ವಾಮಿ ಕಣ್ಣು ಮುಚ್ಚಿಕೊಂಡರು. ದೇವರ ಕೋಪ ಎಂದುಕೊಂಡರೋ ಏನೋ. ಮೇಡಂ ಬಗ್ಗಿ ನೋಡಿದರು. ಬಾಟಲಿ ಮುಚ್ಚಳ, ಐಸ್‌ಕ್ರೀಂ ಚಮಚ, ಬೀಡಾಕ್ಕೆ ಚುಚ್ಚಿದ್ದ ಕಡ್ಡಿ.

"ಬೇರೆ ಮಾಡದೆ ಹಾಕಿದ್ರೆ ಇದಕ್ಕೆ ಅಜೀರ್ಣ ಆಗುತ್ತೆ ಸಾರ್. ಎಲ್ಲ ತೆಗೀರಿ. ಮಿಕ್ಕ ಎಲೆಗಳನ್ನೂ ಬೇರೆ ಮಾಡ್ಕೊಡಿ. ಎಲ್ಲರೂ ಕೂತ್ಕೊಳ್ಳಿ, ನೀವೂ." ಕೊನೆಯ ಮಾತು ನನಗೆ. ಅಂತೂ ನನ್ನನ್ನು ಗಮನಿಸಿದ್ದರು.

ಹೀಗೆ ಒಬ್ಬ ಮಾಲೀಕ, ಒಬ್ಬರು ಅಡುಗೆಯವರು, ಒಬ್ಬ ಅಂಕಣಕಾರ ಕುಕ್ಕರುಗಾಲಲ್ಲಿ ಕೂತು ಎಂಜಲೆಲೆ ಬಿಡಿಸಿದೆವು. ಮುಟ್ಟದೆ ಬಿಟ್ಟ ಹೋಳಿಗೆಗಳನ್ನು ನೋಡಿ ಪುಟ್ಟಸ್ವಾಮಿಯವರಿಗೆ ಸಿಟ್ಟು ಬಂತು. ರಾಜಶೇಖರ ಪದೇ ಪದೇ ತನ್ನದೇ ಫೋನ್ ನಂಬರನ್ನು ಹೆಕ್ಕುತ್ತಿದ್ದ. ಮೆನುವಿಗಾಗಿ ಗಿರಾಕಿಯ ಜೊತೆ ನಾಲ್ಕು ಸಲ ಮೀಟಿಂಗ್ ಮಾಡುವವನಿಗೆ ಎಲೆಯ ಜೊತೆ ಇದು ಮೊದಲ ಮೀಟಿಂಗ್. ಊಟ ಬಡಿಸುವುದು ಬಿಸಿನೆಸ್, ಎಲೆ ಎತ್ತುವುದು ಪಾಲಿಕೆಯ ಹಣೆಬರಹ ಎಂದು ಇಷ್ಟು ದಿನ ನಂಬಿದ್ದ. ಅವನೊಬ್ಬನೇ ಏನು? ಸ್ವಚ್ಛ ನಗರಿ ಎಂದು ನೆಂಟರೆದುರು ಬೀಗುವ ನಾವೆಲ್ಲ ನಮ್ಮ ಅಂಗಡಿ, ಹೋಟೆಲ್‌ಗಳ ಹಿಂಬಾಗಿಲಿಗೆ ಒಂದು ಸಲ ಹೋಗಿ ನೋಡಿದ್ದೇವಾ? ಲಾಭ ನಮ್ಮದಾದರೆ ಅದರ ಹಿಂದಿನ ರಾಶಿಯೂ ನಮ್ಮದೇ ಎನ್ನುವುದಕ್ಕೆ ನೋಟಿಸೇ ಬರಬೇಕಾಯಿತು.

ಯಂತ್ರ ಮತ್ತೆ ಓಡಿತು. ಮೇಡಂ ಬರೆದುಕೊಂಡರು. "ಭಾನುವಾರ ಮತ್ತೆ ಬರ್ತೀನಿ. ಆ ದಿನದ ಎಲೆನೂ ಇದಕ್ಕೇ ಹೋಗ್ಬೇಕು."

ಮದುವೆ ಚೆನ್ನಾಗಿ ನಡೆಯಿತು. ಮಗಳನ್ನು ಧಾರೆ ಎರೆಯುವಾಗ ಪುಟ್ಟಸ್ವಾಮಿ ಮಗುವಿನ ಹಾಗೆ ಅತ್ತರು, ನಾನೂ ಸ್ವಲ್ಪ ಅತ್ತೆ. ಹಿಂದಿನಿಂದ ಬರುತ್ತಿದ್ದ ಗುರ್ ಸದ್ದನ್ನು ಹಳ್ಳಿಯ ನೆಂಟರು ಜನರೇಟರ್ ಎಂದುಕೊಂಡರು. ಮೇಡಂ ಬಂದು ನೋಡಿ, ಸಹಿ ಹಾಕಿ, ಊಟವನ್ನೂ ಮಾಡಿದರು. ಎಲೆಯಲ್ಲಿ ಏನೂ ಬಿಡಲಿಲ್ಲ.

ಊಟ ಮುಗಿಸಿ ನಾನು ಹಿತ್ತಲಿಗೆ ಹೋದೆ. ತಾಯಮ್ಮ ಯಂತ್ರದ ಮುಂದೆ ನಿಂತಿದ್ದರು. ಕೈಗೆ ಮೊಣಕೈವರೆಗೆ ಬರುವ ಕೆಂಪು ಗ್ಲೌಸ್. ಯಂತ್ರ ನಡೆಸುವವರು ಗ್ಲೌಸ್ ಹಾಕಬೇಕೆಂದು ಮ್ಯಾನ್ಯುಯಲ್‌ನಲ್ಲಿ ಬರೆದಿತ್ತಂತೆ. ಮೇಡಂ ಕೇಳಿಯಾರೆಂದು ರಾಜಶೇಖರ ಹಿಂದಿನ ದಿನ ತಂದುಕೊಟ್ಟಿದ್ದ.

"ನೋಡಿ ಸಾರ್, ಮಿಸೀನ್ ದೆಸೆಯಿಂದ ನನಗೂ ಗ್ಲೌಸ್ ಬಂದ್ಬುಡ್ತು," ಎಂದು ಎರಡೂ ಕೈ ಮುಂದೆ ಚಾಚಿ ತೋರಿಸಿದರು. ಖುಷಿಯಲ್ಲಿದ್ದರು. ನಾನು ಮಾತ್ರ ತಲೆ ಎತ್ತಿ ಅವರ ಮುಖ ನೋಡಲಾರದೆ ಹೋದೆ.

ಯಂತ್ರಕ್ಕೆ ಎಂಜಲು ತಾಗಬಾರದೆಂದು ಒಂದು ವರ್ಷ ಕಾಪಾಡಿದ ನಮಗೆ, ಇಪ್ಪತ್ತು ವರ್ಷದಿಂದ ತಾಯಮ್ಮನಿಗೂ ಎರಡು ಕೈ ಇವೆ ಎಂಬುದು ಯಾಕೆ ಕಾಣಲಿಲ್ಲ?