ಅರವತ್ತು ಹುಟ್ಟಿನ ಹೊಳೆ

ನಾವೆಯ ಕಾಕಾನ ಬಲ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಹುಟ್ಟು ಹಿಡಿದು ಹಿಡಿದು ಅದು ಹಳೆಯ ಕಡಗೋಲಿನಂತೆ ನುಣ್ಣಗಾಗಿತ್ತು. ಗೋಕಾಕದ ಕೆಳಗೆ ಘಟಪ್ರಭೆಯಲ್ಲಿ ಜನರನ್ನು ದಾಟಿಸುವುದು ಅವರ ಕೆಲಸ. ಮೂಡಲಗಿಯ ಶಾಲೆಯಲ್ಲಿ ಮಾಸ್ತರನಾಗಿದ್ದ ನಾನು ಶನಿವಾರ ಗೋಕಾಕದ ಮನೆಗೆ ಬರುವಾಗ, ಸೋಮವಾರ ಮರಳುವಾಗ ಅವರ ನಾವೆ ಹತ್ತುತ್ತಿದ್ದೆ.

ಹತ್ತಿದವರನ್ನು ಕಾಕಾ ಸುಮ್ಮನೆ ಬಿಡುತ್ತಿರಲಿಲ್ಲ. ಹೊಳೆಯ ಕೆಳಗಿನ ಊರಿನವರು ಅಂತ ತಿಳಿದರೆ ಸಾಕು, "ನಿಮ್ಮೂರಾಗ ಹೊಳಿ ಹೆಂಗೈತ್ರಿ? ಕಲ್ಲು ಅದಾವೋ, ಉಸುಕೈತೋ?" ಎಂದು ಶುರು. ಕೊಟ್ಟ ಮಗಳ ಸುದ್ದಿ ಕೇಳಿದ ಹಾಗೆ ಕೇಳುತ್ತಿದ್ದರು. ಹೀಗೆ ಎಲ್ಲಿ ಮಡು, ಎಲ್ಲಿ ತಿರುವು, ಎಲ್ಲಿ ಮೊಸಳೆ ಎಂದು, ಕೃಷ್ಣೆಯನ್ನು ಕೂಡುವವರೆಗಿನ ಹೊಳೆಯೆಲ್ಲ ಅವರ ಬಾಯಲ್ಲಿತ್ತು. ಭೂಗೋಳ ಕಲಿಸುತ್ತಿದ್ದ ನನಗೇ ನಾಚಿಕೆಯಾಗುತ್ತಿತ್ತು.

"ಆ ಸಂಗಮದ ತನಕ ಎಷ್ಟು ಸಲ ಹೋಗೀರಿ ಕಾಕಾ?" ಎಂದು ಒಮ್ಮೆ ಕೇಳಿದೆ.

"ನಾ ಅಡ್ಡ ಹೋದಾಂವ್ರಿ ಮಾಸ್ತರ. ಉದ್ದ ಹೋಗಿಲ್ಲ."

ಸುಗ್ಗಿಯಲ್ಲಿ ಎರಡೂ ದಂಡೆಯ ಊರವರು ಅವರಿಗೆ ಜೋಳ ಅಳೆಯುತ್ತಿದ್ದರು. ಅದಕ್ಕೆ ಬದಲಾಗಿ ದಂಡೆಯಲ್ಲಿ ಯಾರು ಕೂಗಿದರೂ ಕಾಕಾ ಓ ಎನ್ನಬೇಕು. ನಾಲ್ಕು ದಿನ ಯಾರಿಗಾದರೂ ನಾವೆ ಒಪ್ಪಿಸಿ ಹೋಗಬಾರದೇ ಎಂದೆ. "ಜ್ವಾಳ ತಿಂದಾಂವ ನಾ, ಓ ಅನ್ನಾಂವ ಇನ್ನೊಬ್ಬನೇನ್ರಿ?" ಎಂದು ನನ್ನನ್ನೇ ಕೇಳಿದರು.

ಆ ಮಾತು ನನ್ನನ್ನು ಬಿಡಲಿಲ್ಲ. ದಸರೆಯ ಸೂಟಿಯಲ್ಲಿ ನಾನೇ ಉದ್ದಕ್ಕೆ ಹೋಗುತ್ತೇನೆ ಎಂದೆ. ಮನೆಯವರು ನಕ್ಕರು, ಕಾಕಾ ನಗಲಿಲ್ಲ. ಬೇಸಿಗೆಯೆಲ್ಲ ತಮ್ಮ ಚಿಕ್ಕ ದೋಣಿಯಲ್ಲಿ ಹುಟ್ಟು ಹಾಕಲು ಕಲಿಸಿದರು. ಆಚೆ ದಂಡೆ ಮುಟ್ಟಲು ಅವರಿಗೆ ಅರವತ್ತು ಹುಟ್ಟು ಸಾಕಾದರೆ ನನಗೆ ತೊಂಬತ್ತು ಬೇಕಾಗುತ್ತಿತ್ತು.

ಹೊರಡುವ ದಿನ ಕಾಕಾ ಅದೇ ದೋಣಿಯಲ್ಲಿ ಸುಗ್ಗಿಯ ಜೋಳದ ರೊಟ್ಟಿಯ ಗಂಟು ಇಟ್ಟು, "ಕೃಷ್ಣಾ ಕೂಡಿದ ಮ್ಯಾಲ ಈ ದಂಡಿಯಿಂದ ಆ ದಂಡಿಗಿ ಎಷ್ಟು ಹುಟ್ಟು ಬೀಳತಾವ, ಎಣಿಸ್ಕೊಂಡು ಬರ್ರಿ. ನನ್ನ ಕೈಲೆ ಆಗತೈತೋ ಇಲ್ಲೋ ತಿಳಕೊಂಡ ಸಾಯಬೇಕು," ಎಂದರು.

ಒಂಬತ್ತು ದಿನ ಹೋದೆ. ಅಂಗೈ ಒಡೆದು ರಕ್ತ ಬಂತು, ಎರಡು ಸಲ ಉಸುಕಿನಲ್ಲಿ ಸಿಕ್ಕಿಬಿದ್ದೆ. ಕಾಕಾ ಹೇಳಿದ ಒಂದು ಮಡುವೂ ತಪ್ಪಿರಲಿಲ್ಲ. ಕೃಷ್ಣೆಯ ಅಗಲವನ್ನು ಹುಟ್ಟು ಎಣಿಸುತ್ತಲೇ ದಾಟಿದೆ.

ದೋಣಿಯನ್ನು ಗಾಡಿಗೆ ಹೇರಿಕೊಂಡು ಮರಳಿ ಬಂದಾಗ ಕಾಕಾ ಜನರನ್ನು ಇಳಿಸುತ್ತಿದ್ದರು.

"ಮುನ್ನೂರ ಮೂವತ್ತು," ಎಂದೆ.

ಬೆರಳು ಮಡಚಿ ಎಣಿಸಿದರು. "ಅದು ನಿಮ್ಮ ಕೈ ಲೆಕ್ಕ. ನನಗ ಇನ್ನೂರಾ ಇಪ್ಪತ್ತು ಸಾಕು." ಆಮೇಲೆ ಹೊಳೆ ಹರಿಯುವ ಕಡೆ ನೋಡುತ್ತ, "ಆಗತಿತ್ತು ಬಿಡ್ರಿ," ಎಂದರು. ಅಷ್ಟು ತೃಪ್ತಿಯ ಮುಖವನ್ನು ನಾನು ಮತ್ತೆ ಕಂಡಿಲ್ಲ.

ಮುಂದಿನ ವರ್ಷ ಅವರು ತೀರಿಕೊಂಡರು. ಸ್ಮಶಾನ ಆಚೆ ದಂಡೆಯಲ್ಲಿತ್ತು. ಅವರಿಗೆ ಮಕ್ಕಳಿರಲಿಲ್ಲ, ಜನ ಹುಟ್ಟನ್ನು ನನ್ನ ಕೈಗೆ ಕೊಟ್ಟರು. ನಾವೆ ನಡುಹೊಳೆಗೆ ಬಂದಾಗ ಹಿಂದಿನ ದಂಡೆಯಿಂದ, ಸುದ್ದಿ ತಿಳಿಯದ ಯಾರೋ ಎಂದಿನಂತೆ ಕಾಕಾನನ್ನು ಕೂಗಿದರು. ನಾವೆಯಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಆ ಜೋಳದ ರೊಟ್ಟಿಯನ್ನು ನಾನೂ ತಿಂದಿದ್ದೆ. ಓ ಎಂದೆ.