ಮಗ್ಗಕ್ಕೆ ಕಟ್ಟಿದ ಬೆಳಕು

ಈಗೀಗ ನನಗೆ ಬೆಳಕು ಕಂಡರೆ ಆಯಾಸವಾಗುತ್ತದೆ. ವಿಜ್ಞಾನ ಹೇಳುವ ಮಾಸ್ತರನ ಬಾಯಲ್ಲಿ ಇಂಥ ಮಾತು ಬರಬಾರದು. ಆದರೆ ನನ್ನನ್ನು ದಣಿಸಿದ ಆ ಬೆಳಕನ್ನು ಮಾಡಿದವನು ನಾನೇ ಆದ್ದರಿಂದ, ಇನ್ನೊಬ್ಬರನ್ನು ಬೈದುಕೊಳ್ಳುವ ಸುಖವೂ ನನಗಿಲ್ಲ.

ಗಜೇಂದ್ರಗಡದ ನಮ್ಮ ಮನೆ ಗುಡ್ಡದ ಬುಡದಲ್ಲಿದೆ. ಊರಿಗೆಲ್ಲ ಹೊತ್ತು ಮುಳುಗುವ ಮೊದಲೇ ನಮಗೆ ಮುಳುಗಿರುತ್ತದೆ. ಪಡಸಾಲೆಯಲ್ಲಿ ನನ್ನ ಹೆಂಡತಿ ಶಾಂತವ್ವನ ಕೈಮಗ್ಗ. ಅವಳು ಸೀರೆ ನೇಯುತ್ತಾಳೆ, ನಾನು ಜಕ್ಕಲಿಯ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಬಸ್ಸಿನಲ್ಲಿ ನಿಂತೇ ಬಂದು ನಾನು ಮನೆ ಮುಟ್ಟುವಷ್ಟರಲ್ಲಿ ಪಡಸಾಲೆಯ ಒಂದೇ ಬಲ್ಬು ಸಾಲದಷ್ಟು ಮಗ್ಗದ ಮೇಲೆ ಕತ್ತಲು ಕವಿದು, ಅವಳು ಎದ್ದಿರುತ್ತಿದ್ದಳು. ಇಬ್ಬರೂ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆವು. ಮಾತೇನೂ ಹೆಚ್ಚಿಲ್ಲ. ಅವಳು ಸೊಂಟ ಹಿಡಿದುಕೊಳ್ಳುತ್ತಿದ್ದಳು, ನಾನು ಮೊಣಕಾಲು.

ಒಂದು ದಿನ ಅವಳು, "ಈ ಹಾಳ ಕತ್ತಲಿ ಭಾಳ ಲಗೂನ ಬರ್ತೈತಿ ನೋಡ್ರಿ," ಅಂದಳು. ಇಂಥ ಮಾತಿಗೆ ಹೂಂ ಅಂದು ಸುಮ್ಮನಿದ್ದರೆ ಮುಗಿಯುತ್ತಿತ್ತು. ನನ್ನೊಳಗಿನ ಮಾಸ್ತರ ಎದ್ದು ಕೂತ.

ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಿಂದ ಎಲ್‌ಇಡಿ ಪಟ್ಟಿ ತಂದೆ. ಕೆಟ್ಟುಹೋದ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಮನೆಯಲ್ಲೇ ಇತ್ತು. ಪಟ್ಟಿಯನ್ನು ಮೂರು ದೀಪಕ್ಕೊಮ್ಮೆ ಬರುವ ಗುರುತಿನ ಮೇಲೆಯೇ ಕತ್ತರಿಸಬೇಕು. ನಾನು ಅಳತೆ ಸರಿಹೋಗಲೆಂದು ನಡುವೆ ಕತ್ತರಿಸಿದೆ, ತುದಿಯ ಎರಡು ದೀಪ ಹತ್ತಲೇ ಇಲ್ಲ. ಬೆಸುಗೆ ಹಾಕುವಾಗ ಹೆಬ್ಬೆರಳು ಸುಟ್ಟುಕೊಂಡೆ. ಕೊನೆಗೆ ಪರದೆಯ ಹಳೇ ಅಲ್ಯುಮಿನಿಯಂ ಸರಳಿಗೆ ಅಂಟಿಸಿ, ತೊಲೆಗೆ ತಂತಿ ಬಿಗಿದು ಗುಂಡಿ ಒತ್ತಿದರೆ, ಪಡಸಾಲೆ ದವಾಖಾನೆಯಂತೆ ಬೆಳ್ಳಗಾಯಿತು. ಬೆಳಕಿನ ಬಣ್ಣವನ್ನೂ ವಿಜ್ಞಾನಿಗಳು ಉಷ್ಣತೆಯಲ್ಲೇ ಅಳೆಯುತ್ತಾರೆ. ತಮಾಷೆಯೆಂದರೆ, ಅಂಕಿ ಏರಿದಷ್ಟೂ ಬೆಳಕು ಕಣ್ಣಿಗೆ ತಣ್ಣಗೆ ಕಾಣುತ್ತದೆ. ಇದನ್ನು ಶಾಂತವ್ವನಿಗೆ ಅರ್ಧ ತಾಸು ವಿವರಿಸಿದೆ. "ಚಲೋ ಆಗೇತ್ರಿ," ಅಂದಳು.

ಅಂದಿನಿಂದ ಅವಳು ಊಟದ ಹೊತ್ತಿನ ತನಕ ಮಗ್ಗ ಬಿಡಲಿಲ್ಲ. ನಾನು ಒಬ್ಬನೇ ಚಹಾ ಕುಡಿದು, ಅನ್ನಕ್ಕೆ ಇಟ್ಟು, ಒಳಗೆ ಎಳೆಗಳ ನಡುವೆ ಅತ್ತಿತ್ತ ಓಡುವ ಲಾಳಿಯ ಸದ್ದು ಕೇಳುತ್ತ ಕೂರತೊಡಗಿದೆ. ಅವಳ ಮುಖ ಬಾಡಿತು, ಕಣ್ಣು ಕೆಂಪಗಾದವು. ಸಾಕು ಏಳು ಅನ್ನಬೇಕು ಅನಿಸುತ್ತಿತ್ತು. ಆದರೆ ದೀಪ ಅವಳಿಗೆ ಅಷ್ಟು ಹಿಡಿಸಿರುವಾಗ, ನನ್ನ ಒಂಟಿತನಕ್ಕಾಗಿ ಅವಳ ಕೆಲಸ ಕೆಡಿಸುವುದು ಹೇಗೆ? ಹೀಗೇ ಎರಡು ತಿಂಗಳು ಕಳೆದವು.

ಮೊನ್ನೆ ರವಿವಾರ ಬೆಳಿಗ್ಗೆ, ಮಗ್ಗದ ಮೇಲಿದ್ದ ಸೀರೆಗೆ ಬಾಗಿಲ ಬಿಸಿಲು ಬಿತ್ತು. ಹಿಂದಿನ ಸಂಜೆ ನೇಯ್ದ ಒಂದು ಗೇಣು ಬೇರೆಯೇ ಕೆಂಪು! ಲಾಳಿಯ ನೂಲು ಮುಗಿದಾಗ ಅವಳು ಹಾಕಿಕೊಂಡ ಹೊಸ ನೂಲು ನನ್ನ ದೀಪದಡಿಯಲ್ಲಿ ಹಳೆಯದರಂತೆಯೇ ಕಂಡಿತ್ತು. ಬಣ್ಣದ ನೂಲನ್ನು ಬಾಗಿಲಿಗೆ ಒಯ್ದು ಹಗಲು ಬೆಳಕಿನಲ್ಲಿ ನೋಡದೆ ಲಾಳಿಗೆ ಹಾಕಬಾರದು ಎನ್ನುವುದು ನಮ್ಮವ್ವ ಅವಳಿಗೆ ಕಲಿಸಿದ ಮೊದಲ ಪಾಠ. ಇಪ್ಪತ್ತು ವರ್ಷ ತಪ್ಪದ ಆ ಪಾಠವನ್ನು ನನ್ನ ದೀಪ ತಪ್ಪಿಸಿತ್ತು.

ಅವಳು ನೇಯ್ದದ್ದನ್ನು ಬಿಚ್ಚತೊಡಗಿದಳು. ನಾನು ಎದುರಿಗೆ ಕೂತು ನೂಲು ಸುತ್ತಿದೆ.

"ನಿನಗ ನಿನ್ನೆ ಸಂಶೆ ಬರಲಿಲ್ಲೇನು?"

"ಬಂತ್ರಿ. ಮುಂಜಾನೆ ನೋಡಿದ್ರಾತು ಅಂತ ಏಳಾಕ ಹೊಂಟಿದ್ದೆ."

"ಮತ್ತ?"

ಅವಳು ತಲೆ ಎತ್ತಲಿಲ್ಲ. "ಕೈ ಸುಟ್ಕೊಂಡು ಮಾಡೀರಿ. ದೀಪ ಆರಿಸಿ ಎದ್ರ ನಿಮಗ ಬ್ಯಾಸರ ಆಗ್ತೈತಿ ಅಂತ ಕುಂತೆ. ಎರಡ ತಿಂಗಳಿಂದ ಹಂಗ ಕುಂದರಾಕತ್ತೀನ್ರಿ. ಸೊಂಟ ಸತ್ತ ಹೋಗೇತಿ."

ನೂಲು ಸುತ್ತುತ್ತಿದ್ದ ನನ್ನ ಕೈ ನಿಂತಿತು. ನಾಚಿಕೆಯಾಯಿತು, ಅಳುವೂ ಬಂದಂತಾಯಿತು. ತಿಳಿಯದಿದ್ದರೆ ಕೇಳಿರೆಂದು ದಿನಾ ಮಕ್ಕಳಿಗೆ ಹೇಳುವವನು, ಮನೆಯಲ್ಲಿ ಒಂದು ಮಾತು ಕೇಳಿರಲಿಲ್ಲ. ಈಗ ಕೇಳಿದೆ: "ನಿನಗ ಖರೇನ ಈ ದೀಪ ಬೇಕೇನು?"

"ಮೋಡ ಮುಸುಕಿದ ದಿನ ಮಧ್ಯಾಹ್ನ ಬೇಕ್ರಿ," ಅಂದಳು. ನಾಲ್ಕು ಎಳೆ ಬಿಚ್ಚಿದ ಮೇಲೆ, "ಸಂಜೀಕ ನೀವು ಬರ್ತೀರಲ್ರಿ, ಆಗ ಬ್ಯಾಡ."

ಬೆಳಕಿನ ಪಾಠ ಮಾಡುವವನಿಗೆ ಇಷ್ಟು ಕಾಣಲು ಎರಡು ತಿಂಗಳೂ ಒಂದು ಗೇಣು ಸೀರೆಯೂ ಬೇಕಾದವು.